ಕಾವಲಿನ ಹುಲ್ಲಿಗೆ ದರ ಎಷ್ಟು?



2023ರ ಏಪ್ರಿಲ್ 2ರ ಬೆಳಿಗ್ಗೆ ನಮ್ಮ ಚಳ್ಳಕೆರೆ ಸೀಮೆಯಲ್ಲಿ, ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರ್ ಮೇಲಿಂದ ಬಿಟ್ಟ ಇಸ್ರೋದ ರೆಕ್ಕೆಯ ರಾಕೆಟ್ಟು ತಾನಾಗೇ ಬಂದು ರನ್‌ವೇಗೆ ಇಳೀತು. ದೊಡ್ಡ ಕೆಲಸವೇ, ನಮಗೇನೂ ಹೊಟ್ಟೆಕಿಚ್ಚಿಲ್ಲ.

ಆದರೆ ಆ ರನ್‌ವೇ ಇರೋದು ಅಮೃತಮಹಲ್ ಕಾವಲಿನ ಹುಲ್ಲುನೆಲದಲ್ಲಿ. 2010ರ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನೆಗೆ 4,290 ಎಕರೆ, ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋಗೆ 573 ಎಕರೆ ಕೊಟ್ಟಿತು. ಕಾಗದದಲ್ಲಿ ಅದು ಸರ್ಕಾರಿ ಜಮೀನು; ಕುರಿಗೆ ಅದೇ ಹೊಟ್ಟೆಪಾಡು. ಬೇಲಿ ಬಿದ್ದರೆ ಮೇವು ಕೊಳ್ಳಬೇಕು, ಮೇವಿಗೆ ಸಾಲ, ಸಾಲಕ್ಕೆ ಕುರಿ ಮಾರಾಟ. ಕುರಿ ಹೋದ ಮೇಲೆ ಕಂಬಳಿ ಮಗ್ಗಕ್ಕೆ ಉಣ್ಣೆ ಎಲ್ಲಿಂದ ತರೋಣ? ಎಕರೆಗೆ ದರ ಕಟ್ಟಿದವರು ವರ್ಷ ವರ್ಷದ ಹುಲ್ಲಿಗೆ ದರ ಕಟ್ಟಿದರೇ, ನೀವೇ ಹೇಳಿ.

ಈ ಬೇಸಿಗೆ ಮೇವಿಗೆ ಎಷ್ಟು ಕೊಟ್ಟಿರಿ, ಬರೆದಿಡಿ. ಮುಂದಿನ ಸಭೆಗೆ ಆ ಚೀಟಿ ತನ್ನಿ.