ನೀರೊಳಗಿನ ಎಮ್ಮೆಯ ವ್ಯಾಪಾರ

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡು ನುಡಿಗಳ ಹಿರಿಮೆಯನ್ನು ಕುರಿತು ಹಿರಿಯರು ಈಗಾಗಲೇ ಮಾತನಾಡಿದ್ದಾರೆ. ಬ್ಯಾಂಕಿನ ಕಾರಕೂನರಾದ ನಾವು ಬಲ್ಲದ್ದು ಜಮೆ ಮತ್ತು ಖರ್ಚು. ಆದಕಾರಣ ನಮ್ಮೆಲ್ಲರ ಮನೆಯ ಗಂಟಿಗೆ ಸಂಬಂಧಪಟ್ಟ ವಿಷಯವೊಂದನ್ನು ಆರಿಸಿಕೊಂಡಿದ್ದೇವೆ: ಮೊಬೈಲಿನೊಳಗಿನ ಲಿಲಾವು ಹಾಗೂ ಹಳೆಯ ಸಾಮಾನಿನ ಪೇಟೆಯಲ್ಲಿ ಮೋಸಹೋಗದೆ ಕೊಳ್ಳುವ ಬಗೆ.

ವಿಜಯಪುರ, ಕಲಬುರಗಿ, ಹುಬ್ಬಳ್ಳಿಗಳ ಬಸ್ಸಿನಿಂದ ಸ್ವಾರಗೇಟದಲ್ಲಿ ಇಳಿಯುವ ನಮ್ಮ ಹುಡುಗರ ಕೈಯಲ್ಲಿ ಎರಡು ಚೀಲ, ಒಂದು ನೌಕರಿಯ ಕಾಗದ. ಖೋಲಿ ಹಿಡಿದ ಮೇಲೆ ಮಂಚ ಬೇಕು, ಫ್ರಿಜ್ಜು ಬೇಕು, ಕೆಲಸಕ್ಕೆ ಹೋಗಲು ಬೈಕು ಬೇಕು. ಎಲ್ಲವನ್ನೂ ಹೊಸದಾಗಿ ಕೊಳ್ಳುವ ಶಕ್ತಿ ಮೊದಲ ವರ್ಷ ಯಾರಿಗಿದೆ? ಇಲ್ಲಿಯ ಜುನಾ ಬಾಜಾರದಲ್ಲಾದರೆ ಸಾಮಾನನ್ನು ತಿರುವಿ, ಬಡಿದು ನೋಡಿ ಚೌಕಾಶಿ ಮಾಡಬಹುದು. ಮೊಬೈಲಿನ ಪೇಟೆಯಲ್ಲಿ ಕಾಣುವುದು ಚಿತ್ರ ಮಾತ್ರ. ನಮ್ಮ ದೇಶದ ಬಾಜೀ ಎಂಬ ಲಿಲಾವಿನ ತಾಣವನ್ನು 2004ರಲ್ಲಿ ಅಮೇರಿಕೆಯ ಇಬೇ ಕಂಪನಿ ಕೊಂಡಿತು. 2018ರಲ್ಲಿ ಇಬೇ ಇಂಡಿಯಾ ಮುಚ್ಚಿತು. ಈಗ ನಮ್ಮವರು ಹೆಚ್ಚಾಗಿ ಓಎಲ್‌ಎಕ್ಸ್, ಫೇಸ್‌ಬುಕ್ ಮುಂತಾದೆಡೆ ಮಾರುವವರೊಡನೆ ನೇರವಾಗಿ ಮಾತನಾಡಿ ಕೊಳ್ಳುತ್ತಾರೆ.

ದೂರದಿಂದ ಬೆಲೆ ಕೂಗುವುದೇ ತಪ್ಪೆಂದು ನಾವು ಹೇಳುವುದಿಲ್ಲ. ನಮ್ಮ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಇಂದು ವ್ಯಾಪಾರಸ್ಥರು ಕಂಪ್ಯೂಟರಿನ ಮೂಲಕವೇ ಬೆಲೆ ನಮೂದಿಸುತ್ತಾರೆ. ಆದರೆ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಕಣ್ಣೆದುರಿಗೇ ಬಿದ್ದಿರುತ್ತದೆ. ಕೈಯಲ್ಲಿ ಹಿಡಿದು, ಬಣ್ಣ ಒಣಗು ನೋಡಿದ ಮೇಲೆಯೇ ಬೆಲೆ. ಕೊಟ್ಟವನಿಗೂ ಕೊಂಡವನಿಗೂ ನಡುವೆ ಅಡತಿಯವನಿದ್ದಾನೆ, ಮಾರುಕಟ್ಟೆ ಸಮಿತಿಯಿದೆ. ಇವೆರಡೂ ಇಲ್ಲದಿದ್ದರೆ ಅದು ನೀರೊಳಗಿನ ಎಮ್ಮೆಯ ವ್ಯಾಪಾರ. ಆದುದರಿಂದ ಎರಡೇ ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಸರಕು ಈಗ ಯಾರ ಕೈಯಲ್ಲಿದೆ? ದುಡ್ಡು ಯಾರ ಕೈಗೆ ಹೋಗುತ್ತಿದೆ?

ಈ ಊರಿಗೆ ಚೆನ್ನಾಗಿ ಹೊಂದುವ ಒಂದು ವೇಷವಿದೆ. 'ನಾನು ಸೈನ್ಯದವನು, ವರ್ಗವಾಗಿದೆ, ಗಾಡಿಯನ್ನು ಅಗ್ಗವಾಗಿ ಕೊಡುತ್ತೇನೆ' ಎಂದು ಹೇಳಿ ಗುರುತಿನ ಚೀಟಿಯ ಚಿತ್ರವನ್ನೂ ಕಳಿಸುತ್ತಾರೆ. ದಂಡಿನ ಊರಾದ ಪುಣೆಯಲ್ಲಿ ಯಾರೂ ಇದನ್ನು ನಂಬುವಂತಿದೆ. ಮೊದಲು ಸಾಗಣೆಯ ಖರ್ಚು, ಬಳಿಕ ವಿಮೆ, ಬಳಿಕ ಗೇಟಿನ ಶುಲ್ಕ ಎಂದು ಕಂತುಕಂತಾಗಿ ಕೇಳುತ್ತಾರೆ. ಗಾಡಿ ಮಾತ್ರ ಬರುವುದಿಲ್ಲ. ನಾವು ಪರವೂರಿನವರು, ಕನ್ನಡದ ದನಿ ಕೇಳಿದರೆ ಮನಸ್ಸು ಕರಗುತ್ತದೆ. 'ನಾನೂ ಬೆಳಗಾವಿಯ ಕಡೆಯವನೇ' ಎಂದವನಿಗೂ ಸರಕು ನೋಡುವ ತನಕ ಸಂಚಕಾರ ಕೊಡಬೇಡಿರಿ. ನಿಜವಾಗಿ ನಮ್ಮವನಾಗಿದ್ದರೆ ಅವನು ಬೇಸರಪಡುವುದಿಲ್ಲ.

ಮಾರುವವರಿಗೂ ಬಲೆಯಿದೆ. ನೀವು ಕಪಾಟು ಮಾರಲಿಟ್ಟರೆ, ಕೊಳ್ಳುವವನು ಚೌಕಾಶಿ ಮಾಡದೆ ಒಪ್ಪಿ, 'ಹಣ ಕಳಿಸಿದ್ದೇನೆ, ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ' ಎನ್ನುತ್ತಾನೆ. ಒತ್ತಿದೊಡನೆ ನಿಮ್ಮ ಖಾತೆಗೇ ಖರ್ಚು ಬೀಳುತ್ತದೆ. 2016ರಲ್ಲಿ ಯುಪಿಐ ಬಂದಂದಿನಿಂದ ನಿಯಮ ಒಂದೇ: ಪಿನ್ ಇರುವುದು ಹಣ ಕೊಡಲು ಮತ್ತು ಶಿಲ್ಕು ನೋಡಲು, ಹಣ ಪಡೆಯಲು ಪಿನ್ ಬೇಕಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ 'ಕಲೆಕ್ಟ್' ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲು ಎನ್‌ಪಿಸಿಐ ಸಂಸ್ಥೆ ಆಜ್ಞೆ ಮಾಡಿತು. ಒಂದು ಬಾಗಿಲು ಮುಚ್ಚಿತು. ಕ್ಯೂಆರ್ ಚಿತ್ರದ ಬಾಗಿಲು ನಮ್ಮ ಎಚ್ಚರಿಕೆಗೆ ಬಿಟ್ಟದ್ದು.

ಸರಕು ಕಣ್ಣೆದುರಿಗಿದ್ದರೂ ಸಾಲದು, ಅದು ಮಾರುವವನದೇ ಆಗಿರಬೇಕು. ಮೊಬೈಲಿನಲ್ಲಿ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಅದರ ಐಎಂಇಐ ಸಂಖ್ಯೆ ಕಾಣುತ್ತದೆ. ಕೆವೈಎಂ ಎಂಬ ಇಂಗ್ಲಿಷ್ ಅಕ್ಷರಗಳ ಮುಂದೆ ಆ ಸಂಖ್ಯೆ ಬರೆದು 14422ಕ್ಕೆ ಸಂದೇಶ ಕಳಿಸಿದರೆ ಸರಕಾರದ ದಫ್ತರದಲ್ಲಿ ಅದರ ಸ್ಥಿತಿ ಏನೆಂದು ತಿಳಿಯುತ್ತದೆ. ಗಾಡಿಯಾದರೆ ಆರ್‌ಸಿಯನ್ನೂ ಚಾಸಿ ಸಂಖ್ಯೆಯನ್ನೂ ತಾಳೆ ನೋಡಿರಿ. ಸಾಲ ತೀರಿದೆಯೇ ಎಂದು ಕೇಳಿರಿ.

ಇನ್ನು ಲಿಲಾವಿನ ಮಾತು. 1930ರ ಸರಕು ಮಾರಾಟದ ಕಾಯದೆಯ 64ನೆಯ ಕಲಮನ್ನು ಬಿ.ಕಾಂ. ಓದುವಾಗ ನಾವು ಬಾಯಿಪಾಠ ಮಾಡಿದ್ದೆವು: ಮಾರುವವನು ಮೊದಲೇ ತಿಳಿಸದೆ ತನ್ನ ಜನರಿಂದ ಬೆಲೆ ಏರಿಸಿದರೆ ಅದು ಮೋಸ. ಆದರೆ ಬೇರೆ ಹೆಸರಿನಲ್ಲಿ ಬೆಲೆ ಕೂಗುವವನನ್ನು ಹಿಡಿಯುವುದು ಸುಲಭವಲ್ಲ. ಆದ್ದರಿಂದ ಅಂಗಡಿಯ ಬೆಲೆಯನ್ನು ಮೊದಲು ವಿಚಾರಿಸಿ, ನಮ್ಮ ಮಿತಿಯನ್ನು ಚೀಟಿಯಲ್ಲಿ ಬರೆದಿಟ್ಟು ಕೂಗಬೇಕು. ಹಣವನ್ನು ತಾಣದ ವ್ಯವಸ್ಥೆಯ ಮೂಲಕವೇ ಕೊಡಬೇಕು. 'ಹೊರಗೆ ಕೊಟ್ಟರೆ ಅಗ್ಗ' ಎಂದವನನ್ನು ಅಲ್ಲಿಯೇ ಬಿಡಬೇಕು.

ಇಷ್ಟಾಗಿಯೂ ಮೋಸವಾದರೆ? ಮರೆಯದಿರಿ, ಆ ಕಾಯದೆಯ ವರ್ಷವೇ ಸಹಾಯವಾಣಿಯ ಸಂಖ್ಯೆ: 1930. ತಡಮಾಡದೆ ಕರೆ ಮಾಡಿರಿ. ಹಣ ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಯುವ ಸಂಭವವಿದೆ. ಜೊತೆಗೇ ಬ್ಯಾಂಕಿಗೆ ತಿಳಿಸಿ ದೂರಿನ ಕ್ರಮಾಂಕ ಪಡೆಯಿರಿ. ಗ್ರಾಹಕನ ಅಲಕ್ಷ್ಯದಿಂದ ಹಾನಿಯಾದರೆ ಬ್ಯಾಂಕಿಗೆ ತಿಳಿಸುವವರೆಗಿನ ಹೊರೆ ಅವನದು, ತಿಳಿಸಿದ ಮೇಲಿನದು ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿತು. ನಾಚಿಕೆಯಿಂದ ಮುಚ್ಚಿಟ್ಟ ಒಂದು ರಾತ್ರಿಗೆ ಎಷ್ಟು ಬೆಲೆ ತೆರಬೇಕಾದೀತೆಂದು ಕೌಂಟರಿನ ಈಚೆ ಕುಳಿತ ನಾವು ಬಲ್ಲೆವು. ಹೆಂಡತಿಗೆ ಹೇಳಲಾರದೆ, ಊರಿನ ತಂದೆಗೆ ಹೇಳಲಾರದೆ, ಮೊದಲ ಸಂಬಳ ಕಳೆದುಕೊಂಡ ಹುಡುಗ ಒಬ್ಬನೇ ಕುಳಿತಿರಬಾರದು.

ಕೊನೆಯದಾಗಿ ಸಂಘಕ್ಕೆ ಒಂದು ಬಿನ್ನಹ. ವರ್ಗವಾಗಿ ಹೋಗುವವರ ಸಾಮಾನು, ಹೊಸದಾಗಿ ಬಂದವರ ಅವಶ್ಯಕತೆ, ಎರಡನ್ನೂ ಬರೆಯಲು ಒಂದು ಫಲಕವಿರಲಿ. ಹೊರಗೆ ಕೊಳ್ಳಹೋಗುವ ಹೊಸಬರ ಸಂಗಡ ಊರು ಬಲ್ಲ ಸದಸ್ಯರೊಬ್ಬರು ಹೋಗಿಬರಲಿ. ಬೈಕು, ಮೊಬೈಲು ನೋಡಿಬರಲು ರವಿವಾರಗಳಂದು ಸಂಗಡ ಬರಲು ನಾವು ಸಿದ್ಧರಿದ್ದೇವೆ. ಹೆಸರು ಬರೆಸುವವರು ಸಭೆ ಮುಗಿದ ಮೇಲೆ ಭೇಟಿಯಾಗಬೇಕು.