ಹಸಿಯೂ ಪಚ್ಚೈಯೂ



ನಮ್ಮಲ್ಲೊಬ್ಬರ ಮನೆಯಲ್ಲಿ ಹೆರಿಗೆಯಾದಾಗ ನಡೆದ ಸಂಗತಿಯಿಂದಲೇ ಮಾತನ್ನು ಆರಂಭಿಸುತ್ತೇವೆ. ಅವರು ಅಂಬತ್ತೂರಿಗೆ ದುಡಿಯಲು ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಪಾಳಿ ಮುಗಿಸಿ ಬಂದಾಗ ಮನೆಯೊಡತಿ ಬಾಗಿಲಲ್ಲೇ ತಡೆದು, 'ಪಚ್ಚೈ ಉಡಂಬು, ಜಾಕ್ಕಿರದೈ' ಎಂದರು. ಪಚ್ಚೈ ಎಂದರೆ ಹಸಿರು, ಉಡಂಬು ಎಂದರೆ ಮೈ; ನಮ್ಮವರಿಗೆ ತಿಳಿದಿದ್ದ ತಮಿಳು ಇಷ್ಟೇ. ಹೆಂಡತಿಯ ಮೈ ಹಸಿರಾಯಿತು, ವಿಷವೇರಿತು ಎಂದು ಬಗೆದು, ಒಳಗೆ ಇಣುಕಿಯೂ ನೋಡದೆ ವೈದ್ಯರಲ್ಲಿಗೆ ಓಡಿದರು. ವೈದ್ಯರು ಬಂದು ನೋಡಿದರೆ ಬಾಣಂತಿ ಮಗುವಿಗೆ ಹಾಲೂಡುತ್ತಿದ್ದಳು! ನಾವು 'ಹಸಿ ಬಾಣಂತಿ' ಎನ್ನುವುದನ್ನೇ ಆ ತಾಯಿ ಹೇಳಿದ್ದರು. ಒಂದು ವಾರದ ಕೂಲಿ ಹೋಯಿತು. ಅದಕ್ಕಿಂತ ಹೆಚ್ಚಾಗಿ, 'ನಾನೇನು ಅಪಶಕುನ ನುಡಿದೆನೇ?' ಎಂದು ಆಕೆ ನೊಂದುಕೊಂಡರು.

ತಮಿಳಿನ ಪಚ್ಚೈ ಬಣ್ಣಕ್ಕೂ ಸಲ್ಲುತ್ತದೆ, ಹಸಿತನಕ್ಕೂ ಸಲ್ಲುತ್ತದೆ. ಕನ್ನಡವು ಬಣ್ಣಕ್ಕೆ ಹಸಿರೆಂದು, ಬೇಯದ, ಒಣಗದ, ಮಾಯದ ವಸ್ತುವಿಗೆ ಹಸಿಯೆಂದು ಎರಡು ಮಾತು ಇಟ್ಟುಕೊಂಡಿತು. ಬೇರು ಒಂದೇ. ಹಳಗನ್ನಡದಲ್ಲಿ ನಮ್ಮದೂ 'ಪಸಿ'ಯೇ. ಸುಮಾರು 10ನೆಯ ಶತಮಾನದಿಂದೀಚೆಗೆ ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಅದೂ ಹಸಿಯಾಯಿತು. ಹಚ್ಚಹಸಿರಿನ ಹಚ್ಚ, ಮೈಮೇಲಿನ ಹಚ್ಚೆ, ಇವೂ ಅದೇ ಮನೆಯವು. ಪಚ್ಚಕರ್ಪೂರದಲ್ಲಂತೂ ಹಳೆಯ ಪಕಾರವೇ ಉಳಿದಿದೆ. ಬಿಳಿಯ ಕರ್ಪೂರಕ್ಕೆ ಪಚ್ಚೆಯೆಂಬ ಹೆಸರೇಕೆಂದು ನಾವು ಎಂದಾದರೂ ಕೇಳಿದ್ದುಂಟೇ?

ಅಂಗಡಿಗೆ ಹೋದರೆ ಹಸಿ ಮೆಣಸಿನಕಾಯಿ 'ಪಚ್ಚೈ ಮಿಳಗಾಯ್'. ಅಂಗಡಿಯವನು ಹೇಳುವ ಹಸಿ ಸುಳ್ಳು 'ಪಚ್ಚೈ ಪೊಯ್'. ಎಲ್ಲವೂ ಹೀಗೆ ಹೊಂದುವುದಿಲ್ಲ. 'ಪಚ್ಚರಿಸಿ' ಎಂದರೆ ಕುಚ್ಚದ ಅಕ್ಕಿ. ದಕ್ಷಿಣ ಕನ್ನಡದವರಿಗೆ ಅದು ಬೆಳ್ತಿಗೆ. ಕಾಯಿಸದ ಹಾಲು ನಮಗೆ ಹಸಿ ಹಾಲು, ಕಾಯಿಸದ ನೀರು ಮಾತ್ರ ತಣ್ಣೀರು. ಇಲ್ಲಿ ಅದೂ 'ಪಚ್ಚೈ ತಣ್ಣಿ'.

1954ರವರೆಗೆ ಫ್ರೆಂಚರ ಆಡಳಿತದಲ್ಲಿದ್ದ ಪಾಂಡಿಚೇರಿ ಇಲ್ಲಿಂದ ಬಹಳ ದೂರವಲ್ಲ. ಅವರ 'ವೇರ್' ಎಂಬ ವಿಶೇಷಣವೂ ಇಂಥದೇ. ಎಲೆಯ ಬಣ್ಣಕ್ಕೂ ವೇರ್, ಮಾಗದ ಹಣ್ಣಿಗೂ ವೇರ್, ಹಸಿ ಸೌದೆಗೂ ವೇರ್. ವಯಸ್ಸಾದರೂ ಗಟ್ಟಿಮುಟ್ಟಾಗಿರುವ ಮುದುಕನೂ ವೇರ್! ಈ ಕೊನೆಯ ಮರ್ಯಾದೆಯನ್ನು ನಮ್ಮ ಹಸಿ ಮುದುಕರಿಗೆ ಕೊಡಲಿಲ್ಲ.

ಆ ಮನೆಯೊಡತಿಗೆ ನಾವೇ ನಾಲ್ವರು ಹೋಗಿ, ಹಸಿಯ ಕಥೆಯನ್ನು ನಮ್ಮ ಹರಕು ತಮಿಳಿನಲ್ಲಿ ಹೇಳಿದೆವು. ಅವರು ನಕ್ಕು ಕಾಫಿ ಕೊಟ್ಟರು. ಈಗ ಅವರು ಮಗುವನ್ನು ಎತ್ತಿಕೊಂಡು 'ಪಚ್ಚೈ ಕುಳಂದೈ' ಎಂದರೆ ತಂದೆ ಓಡುವುದಿಲ್ಲ. 'ಹೌದಮ್ಮ, ಹಸುಗೂಸು' ಎನ್ನುತ್ತಾರೆ.