ಹೆದ್ದಾರಿಯಲ್ಲಿ ಸದುವಿನಯ



ಭಕ್ತಿಯೆಂಬುದು ಪೂಜೆಯ ಮಣೆಯ ಮೇಲೆ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆಂದು ಅನೇಕರು ತಿಳಿದಿದ್ದಾರೆ. ಮಣೆಯ ಮೇಲೆ ಕುಳಿತಾಗ ಎಲ್ಲರೂ ಶಾಂತಮೂರ್ತಿಗಳೇ. ಅಲ್ಲಿ ಎದುರಿಗೆ ನಿಂತು ಗದರಿಸುವವರು ಇರುವುದಿಲ್ಲ, ಅಡ್ಡ ಬರುವವರು ಇರುವುದಿಲ್ಲ. ನಮ್ಮ ಭಕ್ತಿಗೆ ಪರೀಕ್ಷೆ ನಡೆಯುವುದು ಮನೆಯ ಹೊಸ್ತಿಲು ದಾಟಿದ ಮೇಲೆ. ಅಂಥ ಪರೀಕ್ಷೆಯ ಒಂದು ಸ್ಥಳವನ್ನು ಕುರಿತು ಇಂದು ನಾಲ್ಕು ಮಾತು ಹೇಳುತ್ತೇವೆ. ರಸ್ತೆಯ ಬದಿಯಲ್ಲಿ ಪೋಲೀಸರು ಕೈ ತೋರಿಸುತ್ತಾರೆ, ವಾಹನ ನಿಲ್ಲುತ್ತದೆ. ಆಗ ಅವರಿಬ್ಬರ ನಡುವೆ ಎರಡು ಮೂರು ನಿಮಿಷ ನಡೆಯುವ ಮಾತು ಹೇಗಿರಬೇಕು ಎಂಬುದೇ ಇಂದಿನ ವಿಷಯ.

ಈ ಸಭೆಯಲ್ಲಿ ಲಾರಿ ಓಡಿಸುವವರಿದ್ದೀರಿ. ಟ್ರ್ಯಾಕ್ಟರಿನಲ್ಲಿ ಮೆಕ್ಕೆಜೋಳ ಹೇರಿಕೊಂಡು ದಾವಣಗೆರೆಯ ಮಾರುಕಟ್ಟೆಗೆ ಹೋಗುವವರಿದ್ದೀರಿ. ಬಸ್ಸಿನ ಡ್ರೈವರುಗಳಿದ್ದೀರಿ. ಬೈಕು ಇಲ್ಲದ ಮನೆಯಂತೂ ಈಗ ಅಪರೂಪ. ಬಂದೋಬಸ್ತಿಗೆಂದು ಬಂದು ಆ ಬೇವಿನ ಮರದ ಕೆಳಗೆ ನಿಂತಿರುವ ಪೋಲೀಸ್ ಬಂಧುಗಳೂ ಇದ್ದಾರೆ. ಅವರೂ ಹತ್ತಿರ ಬಂದು ಕೇಳಲಿ. ಮಾತು ಇಬ್ಬರಿಗೂ ಸೇರಿದ್ದು.

ಹನ್ನೆರಡನೆಯ ಶತಮಾನದ ಶರಣರನ್ನು ನೆನೆಯಿರಿ. ಅಂಬಿಗರ ಚೌಡಯ್ಯನವರು ದೋಣಿ ನಡೆಸಿ ಜನರನ್ನು ದಡ ಮುಟ್ಟಿಸುತ್ತಿದ್ದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು ಡ್ರೈವರು. ಸುಂಕದ ಬಂಕಣ್ಣನವರದು ಸುಂಕ ವಸೂಲಿಯ ಕಾಯಕ; ಸರಕು ಹೊತ್ತು ಬಂದವರನ್ನು ದಾರಿಯಲ್ಲಿ ನಿಲ್ಲಿಸಿ ಲೆಕ್ಕ ಕೇಳುವ ಕೆಲಸ. ತಳವಾರ ಕಾಮಿದೇವಯ್ಯನವರದು ಕಾವಲಿನ ಕಾಯಕ. ಸಾಗಿಸುವವರು, ನಿಲ್ಲಿಸುವವರು, ಕಾಯುವವರು ಮೂವರೂ ಶರಣರಾದರು, ಮೂವರೂ ವಚನಕಾರರಾದರು. ಇವರ ಹೆಸರುಗಳನ್ನು ಇನ್ನೊಮ್ಮೆ ಕೇಳಿರಿ: ಚೌಡಯ್ಯ, ಬಂಕಣ್ಣ, ಕಾಮಿದೇವಯ್ಯ. ಒಬ್ಬರಿಗೆ ಅಣ್ಣ ಅಂಟಿಕೊಂಡಿದೆ, ಉಳಿದವರಿಗೆ ಅಯ್ಯ ಅಂಟಿಕೊಂಡಿದೆ. ಎಂಟುನೂರು ವರ್ಷ ಕಳೆದರೂ ಆ ಗೌರವ ಹೆಸರಿನಿಂದ ಕಳಚಿ ಬಿದ್ದಿಲ್ಲ. ಬಸವಣ್ಣನವರು ಒಬ್ಬರನ್ನೊಬ್ಬರು ಕರೆಯುವ ರೀತಿಯಲ್ಲಿಯೇ ಸ್ವರ್ಗ ನರಕಗಳನ್ನು ತೋರಿಸಿಕೊಟ್ಟರು. ನಯವಾದ ನುಡಿಯನ್ನು ಜಪತಪಗಳ ಸಾಲಿಗೆ ಸೇರಿಸಿದರು. ಹಾಗಾದರೆ ದಿನಕ್ಕೆ ನೂರು ವಾಹನ ನಿಲ್ಲಿಸುವ ಪೋಲೀಸನಿಗೆ ನೂರು ಸಲ ಜಪ ಮಾಡುವ ಅವಕಾಶವಿದೆ ಎಂದಾಯಿತು. ನಿಲ್ಲುವವನಿಗೂ ಒಂದು ಸಲವಾದರೂ ಇದೆ.

ವಾಹನವನ್ನು ನಿಲ್ಲಿಸುವುದಾದರೂ ಏತಕ್ಕೆ? ಸರಕಾರದ ಬೊಕ್ಕಸ ತುಂಬಿಸಲಿಕ್ಕೆ ಎಂದು ಕೆಲವರು ಗೊಣಗುತ್ತಾರೆ. ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 50,029 ಮಂದಿ ಹೆಲ್ಮೆಟ್ ಇಲ್ಲದೆ ದ್ವಿಚಕ್ರ ವಾಹನದ ಮೇಲೆ ಕುಳಿತಿದ್ದವರು. ಒಂದು ದೊಡ್ಡ ಪಟ್ಟಣದ ಜನವೇ ಒಂದು ವರ್ಷದಲ್ಲಿ ಇಲ್ಲವಾದಂತೆ. ಅಷ್ಟು ಮನೆಗಳಲ್ಲಿ ದೀಪ ಆರಿತು. ತಲೆಗೆ ಹೆಲ್ಮೆಟ್ ಹಾಕಿಕೊಳ್ಳಪ್ಪಾ ಎಂದು ತಡೆದು ಹೇಳುವವನು ನಮ್ಮ ಶತ್ರುವೇ? ನಮ್ಮ ತಾಯಿ ಹೇಳಬೇಕಾದ ಮಾತನ್ನು ಅವನು ರಸ್ತೆಯಲ್ಲಿ ನಿಂತು ಹೇಳುತ್ತಿದ್ದಾನೆ.

ಆದರೆ ತಾಯಿಯ ಮಾತನ್ನು ತಾಯಿಯ ಧ್ವನಿಯಲ್ಲಿಯೇ ಹೇಳಬೇಕು. ಆದ್ದರಿಂದ ಮೊದಲು ಪೋಲೀಸ್ ಬಂಧುಗಳಿಗೆ ಹೇಳುತ್ತೇವೆ. ಏಕೆಂದರೆ ಅಧಿಕಾರ ಇರುವವರಿಗೆ ವಿನಯದ ಹೊಣೆ ಹೆಚ್ಚು. ಬೈಕಿನ ಮೇಲೆ ಅಪ್ಪ, ಹಿಂದೆ ತಾಯಿ, ನಡುವೆ ಮಗು. ಅಪ್ಪ ಹೆಲ್ಮೆಟ್ ಹಾಕಿಲ್ಲ, ತಪ್ಪು ಮಾಡಿದ್ದಾನೆ. ಅವನನ್ನು “ಲೇ, ಇಳಿಯೋ ಕೆಳಗೆ” ಎಂದು ಗದರಿಸಿದರೆ ದಂಡ ಬೀಳುವುದು ಯಾರಿಗೆ? ಆ ಮಗುವಿಗೆ. ಅದರ ಕಣ್ಣಿಗೆ ಅಪ್ಪ ದೇವರಂತೆ ಇದ್ದ. ಇನ್ನು ಮುಂದೆ ಖಾಕಿ ಕಂಡರೆ ಅದಕ್ಕೆ ಭಯ, ದೊಡ್ಡದಾದ ಮೇಲೆ ದ್ವೇಷ. “ಯಜಮಾನರೆ, ಸ್ವಲ್ಪ ಬದಿಗೆ ತೊಗೊಳ್ಳಿ, ಲೈಸೆನ್ಸ್ ತೋರಿಸಿ” ಎಂದರೆ ದಂಡದ ಮೊತ್ತ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಕಾನೂನು ಕಟ್ಟುನಿಟ್ಟಾಗಿರಲಿ, ನಾಲಿಗೆ ಮೆದುವಾಗಿರಲಿ.

2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ನಡೆದದ್ದನ್ನು ನೀವು ಕೇಳಿದ್ದೀರಿ. ನಾಯಿ ಕಚ್ಚಿದ ಪುಟ್ಟ ಮಗುವನ್ನು ತಂದೆತಾಯಿಗಳು ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದರು. ತಪಾಸಣೆಯ ವೇಳೆ ಪೋಲೀಸರು ತಡೆದಾಗ ಬೈಕು ಉರುಳಿತು. ರಸ್ತೆಗೆ ಬಿದ್ದ ಮಗು ಇನ್ನೊಂದು ವಾಹನಕ್ಕೆ ಸಿಕ್ಕಿ ಪ್ರಾಣ ಬಿಟ್ಟಿತು. ಪ್ರಾಣ ಉಳಿಸಲೆಂದು ಇರುವ ತಪಾಸಣೆಯಲ್ಲಿಯೇ ಪ್ರಾಣ ಹೋಯಿತು. ಆ ಬಳಿಕ ರಾಜ್ಯದ ಪೋಲೀಸ್ ಮುಖ್ಯಸ್ಥರು ತಮ್ಮವರಿಗೆ ಸೂಚನೆ ಹೊರಡಿಸಿದರು. ಕಣ್ಣಿಗೆ ಕಾಣುವ ತಪ್ಪು ಇಲ್ಲದೆ ಬರಿಯ ಕಾಗದಪತ್ರ ನೋಡಲು ವಾಹನ ತಡೆಯಬಾರದು. ಇದ್ದಕ್ಕಿದ್ದಂತೆ ಅಡ್ಡ ಹಾಯಬಾರದು. ಬೈಕಿನ ಕೀಲಿಕೈ ಕಿತ್ತುಕೊಳ್ಳಬಾರದು. ಓಡಿಹೋದವರನ್ನು ಬೆನ್ನಟ್ಟದೆ ನಂಬರು ಬರೆದುಕೊಳ್ಳಬೇಕು ಎಂದು. ಇವು ಇಲಾಖೆಯ ಮಾತುಗಳು. ನಮಗೆ ಇವು ದಯೆಯ ಮಾತುಗಳಾಗಿ ಕೇಳಿಸುತ್ತವೆ. ನಂಬರು ಬರೆದುಕೊಂಡರೆ ದಂಡ ನಾಳೆಯೂ ಬರುತ್ತದೆ, ಹೋದ ಜೀವ ಬರುವುದಿಲ್ಲ.

ಕಾನೂನಿನ ಇನ್ನೊಂದು ಮಾತನ್ನೂ ತಿಳಿದಿರಿ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿ ಮಾಡಿದಾಗ ಹೊಸದೊಂದು ಕಲಮು ಸೇರಿಸಿದರು. ಆ ಕಾಯಿದೆಯನ್ನು ಜಾರಿ ಮಾಡುವ ಅಧಿಕಾರವುಳ್ಳವರೇ ಅದನ್ನು ಮುರಿದರೆ ಅವರಿಗೆ ದಂಡ ಎರಡರಷ್ಟು. ಕಾಯುವವನ ತಪ್ಪು ದೊಡ್ಡದು ಎಂಬ ಧರ್ಮಸೂಕ್ಷ್ಮವನ್ನು ಕಾನೂನೂ ಒಪ್ಪಿಕೊಂಡಂತಾಯಿತು.

ಇನ್ನು ವಾಹನ ನಡೆಸುವವರ ಕಡೆಗೆ ಬರುತ್ತೇವೆ. ಇಷ್ಟು ಹೊತ್ತು ಚಪ್ಪಾಳೆ ತಟ್ಟಿದಿರಿ, ಈಗ ಕೈ ಕಟ್ಟಿಕೊಂಡು ಕೇಳಿರಿ. ಸಮವಸ್ತ್ರದಲ್ಲಿರುವ ಪೋಲೀಸ್ ಅಧಿಕಾರಿ ಕೇಳಿದಾಗ ಲೈಸೆನ್ಸ್ ತೋರಿಸುವುದು ಕಾನೂನಿನಂತೆ ನಿಮ್ಮ ಕರ್ತವ್ಯ. ಕಾಗದಪತ್ರ ಮನೆಯ ಪೆಟ್ಟಿಗೆಯಲ್ಲಿದೆ ಎಂಬ ನೆವವೂ ಈಗ ಉಳಿದಿಲ್ಲ. ಮೊಬೈಲಿನ ಡಿಜಿಲಾಕರಿನಲ್ಲಿ ತೋರಿಸಿದರೂ ನಡೆಯುತ್ತದೆಂದು 2018ರಲ್ಲಿಯೇ ನಿಯಮ ಮಾಡಿದ್ದಾರೆ. ಕೈ ತೋರಿಸಿದರೆ ವೇಗ ತಗ್ಗಿಸಿ ಬದಿಗೆ ನಿಲ್ಲಿಸಿರಿ. ಎಂಜಿನ್ ಆರಿಸಿರಿ. ಕತ್ತಲೆಯಾಗಿದ್ದರೆ ಕ್ಯಾಬಿನ್ನಿನ ದೀಪ ಹಚ್ಚಿರಿ. ಒಳಗೆ ಯಾರಿದ್ದಾರೋ ಎಂಬ ಅಂಜಿಕೆ ಪೋಲೀಸನಿಗೂ ಇರುತ್ತದೆ. “ನಮಸ್ಕಾರ ಸಾರ್, ಏನಾಗಬೇಕು” ಎಂದು ಕೇಳಿರಿ. ಇಷ್ಟಕ್ಕೆ ನಿಮ್ಮ ಗಂಟು ಏನೂ ಹೋಗುವುದಿಲ್ಲ.

ಆದರೆ ಅಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಯಾವುದು? “ನಾನು ಯಾರು ಗೊತ್ತೇನು?” ನಾನು ಯಾರು ಎಂಬುದು ಬಹಳ ದೊಡ್ಡ ಪ್ರಶ್ನೆ. ಅನುಭಾವಿಗಳು ಜೀವಮಾನವೆಲ್ಲ ತಮ್ಮನ್ನು ತಾವೇ ಕೇಳಿಕೊಂಡ ಪ್ರಶ್ನೆ. ಇವರು ಅದನ್ನು ಬಿಸಿಲಲ್ಲಿ ನಿಂತ ಕಾನ್‌ಸ್ಟೇಬಲ್‌ಗೆ ಕೇಳುತ್ತಾರೆ! ಪಾಪ, ಅವನು ಏನು ಉತ್ತರ ಹೇಳಿಯಾನು? ಉತ್ತರ ಬರುವುದರೊಳಗೆ ಫೋನು ಕೈಗೆ ಬರುತ್ತದೆ. ಶಾಸಕರಿಗೆ ಒಂದು ಫೋನು, ಅಧ್ಯಕ್ಷರಿಗೆ ಒಂದು ಫೋನು. ಕೆಲವರು ಮಠದ ಹೆಸರನ್ನೂ ಹೇಳುತ್ತಾರೆ. ವಾಹನದ ಗಾಜಿನ ಮೇಲೆ ಬಸವಣ್ಣನವರ ಚಿತ್ರ, ಹಿಂದೆ ಮಠದ ಹೆಸರು. ಒಳಗೆ ಇನ್ಶೂರೆನ್ಸ್ ಇಲ್ಲ, ಟ್ರಾಲಿಗೆ ಹಿಂದಿನ ದೀಪವಿಲ್ಲ. “ನಾವು ಇಂಥ ಮಠದ ಭಕ್ತರು, ಬಿಡ್ರೀ” ಎನ್ನುತ್ತಾರೆ. ನಮ್ಮ ಹತ್ತಿರವೂ ಬಂದು, “ಬುದ್ಧೀ, ಠಾಣೆಗೆ ಒಂದು ಮಾತು ಹೇಳಿಸಿರಿ” ಎಂದು ಕೇಳುವವರಿದ್ದಾರೆ. ಎಲ್ಲರ ಎದುರಿಗೆ ಸ್ಪಷ್ಟವಾಗಿ ಹೇಳುತ್ತೇವೆ. ದಂಡ ತಪ್ಪಿಸಲು ಮಠದಿಂದ ಫೋನು ಹೋಗುವುದಿಲ್ಲ. ಬಸವಣ್ಣನವರ ಚಿತ್ರ ನಿಯಮ ಮುರಿಯಲಿಕ್ಕೆ ಪರವಾನಗಿಯಲ್ಲ. ಚಿತ್ರ ಅಂಟಿಸಿದವನ ಮೇಲೆ ಹೊಣೆ ಹೆಚ್ಚು. ಅವನು ಒರಟಾಗಿ ಮಾತನಾಡಿದರೆ ಜನ ಬಸವಣ್ಣನವರ ಕಡೆ ನೋಡುತ್ತಾರೆ. ಅಷ್ಟು ಹೊಣೆ ಹೊರಲಾರದವರು ಆ ಚಿತ್ರವನ್ನು ಮನೆಯ ಗೋಡೆಗೆ ಹಾಕಿಕೊಳ್ಳುವುದು ಮೇಲು.

ವಿನಯದ ವೇಷ ಹಾಕಿದ ಕಳ್ಳತನ ಒಂದಿದೆ. ಕೈ ಮುಗಿಯುತ್ತಾರೆ, ಮುಗಿದ ಕೈಯೊಳಗೆ ಮಡಿಸಿದ ನೋಟು ಇರುತ್ತದೆ. ಮಾತು ಬೆಣ್ಣೆಯಂತೆ ಇಬ್ಬರ ನಡುವೆ ಜಾರುತ್ತದೆ, ನೋಟೂ ಜಾರುತ್ತದೆ. ಇದನ್ನು ಸೌಜನ್ಯವೆಂದು ಕರೆಯಬೇಡಿರಿ. ಶರಣೆ ಸತ್ಯಕ್ಕ ಅಂಗಳ ಗುಡಿಸುವ ಕಾಯಕದವಳು. ಹಾದಿಯಲ್ಲಿ ಬಿದ್ದ ಹೊನ್ನನ್ನೂ ಮುಟ್ಟೆನು, ಲಂಚಕ್ಕೆ ಕೈಯೊಡ್ಡೆನು ಎಂದು ಆಣೆಯಿಟ್ಟವಳು. ಹಾದಿಯ ಮೇಲೆ ಕೆಲಸ ಮಾಡುವವರಿಗೆಲ್ಲ ಆ ತಾಯಿಯೇ ಗುರು. ಕೊಡುವವನು ಕೊಡದಿರಲಿ, ಕೊಳ್ಳುವವನು ಕೊಳ್ಳದಿರಲಿ. ನೂರು ರೂಪಾಯಿಗೆ ಬಿಟ್ಟ ಕುಡುಕ ಡ್ರೈವರು ಮುಂದಿನ ಊರಿನಲ್ಲಿ ಯಾರ ಮಗನ ಮೇಲೆ ಲಾರಿ ಹಾಯಿಸುತ್ತಾನೋ ಬಲ್ಲವರಾರು? ಆ ಊರಿನಲ್ಲಿ ಪೋಲೀಸನ ಸ್ವಂತ ಮನೆಯೂ ಇರಬಹುದು.

ಹಾಗಾದರೆ ಪೋಲೀಸರು ತಪ್ಪಾಗಿ ದಂಡ ಹಾಕಿದರೆ, ಬಾಯಿಗೆ ಬಂದಂತೆ ಬೈದರೆ ಸುಮ್ಮನಿರಬೇಕೇ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಬೇಡ. ವಿನಯವೆಂದರೆ ಹೇಡಿತನವಲ್ಲ. ಚೌಡಯ್ಯನವರಷ್ಟು ನಿಷ್ಠುರವಾಗಿ ನುಡಿದವರು ಶರಣರಲ್ಲಿಯೇ ವಿರಳ. ಡಂಭಾಚಾರ ಕಂಡರೆ ಅವರು ಯಾರ ಮುಲಾಜನ್ನೂ ನೋಡುತ್ತಿರಲಿಲ್ಲ. ಎದೆಯ ಮೇಲಿನ ಹೆಸರನ್ನು ಓದಿಕೊಳ್ಳಿರಿ. ರಸೀದಿ ಕೇಳಿ ಪಡೆಯಿರಿ. ದಂಡ ಒಪ್ಪಿಗೆಯಿಲ್ಲದಿದ್ದರೆ ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಕ್ಕು ನಿಮಗಿದೆ. ಮೇಲಧಿಕಾರಿಗಳಿಗೆ ದೂರು ಬರೆಯಿರಿ. ಇದನ್ನೆಲ್ಲ ಧ್ವನಿ ಏರಿಸದೆ ಮಾಡಬಹುದು. ಸತ್ಯ ನಿಮ್ಮ ಕಡೆಗಿದ್ದರೆ ಕೂಗುವ ಅಗತ್ಯವಿಲ್ಲ. ಕೈ ಎತ್ತಿದಿರೋ, ನಿಮ್ಮ ಕಡೆಯ ಸತ್ಯವೂ ಕೈಬಿಟ್ಟು ಹೋಗುತ್ತದೆ. ಐನೂರು ರೂಪಾಯಿಯ ದಂಡ ಜೈಲಿನ ತನಕ ಬೆಳೆಯುತ್ತದೆ.

ಬಂಡಿಗಳ ಕಾಲದ ಒಂದು ಪದ್ಧತಿಯನ್ನು ಹಿರಿಯರು ಹೇಳುತ್ತಾರೆ. ಇಕ್ಕಟ್ಟಾದ ಬಂಡಿದಾರಿಯಲ್ಲಿ ಎರಡು ಬಂಡಿ ಎದುರುಬದುರಾದರೆ ಬರಿಯ ಬಂಡಿಯವನು ಬದಿಗೆ ಇಳಿಸುತ್ತಿದ್ದ, ಹೇರು ಹೊತ್ತ ಬಂಡಿ ಮುಂದೆ ಹೋಗುತ್ತಿತ್ತು. ಅಲ್ಲಿ ಜಾತಿ ಕೇಳುವುದಿರಲಿಲ್ಲ, ಅಂತಸ್ತು ಕೇಳುವುದಿರಲಿಲ್ಲ. ಎತ್ತುಗಳ ಹೆಗಲ ಮೇಲಿನ ಭಾರ ಮಾತ್ರ ನೋಡುತ್ತಿದ್ದರು. ನೀವೂ ಹಾಗೆಯೇ ಎದುರಿನವನ ಭಾರ ನೋಡಿರಿ. ಡ್ರೈವರು ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದಿದ್ದಾನೆ, ಮಾಲೀಕನ ಫೋನು ನಿಮಿಷಕ್ಕೊಂದು ಬರುತ್ತಿದೆ, ಸಾಲದ ಕಂತು ತಲೆಯ ಮೇಲಿದೆ. ಪೋಲೀಸ್ ಬೆಳಗಿನಿಂದ ಧೂಳು ಹೊಗೆ ಕುಡಿಯುತ್ತ ನಿಂತಿದ್ದಾನೆ, ಊಟದ ಡಬ್ಬಿ ಬಿಚ್ಚಿಲ್ಲ, ಮೇಲಧಿಕಾರಿ ಲೆಕ್ಕ ಕೇಳುತ್ತಿದ್ದಾನೆ. ಇಬ್ಬರದೂ ಹೇರು ಹೊತ್ತ ಬಂಡಿಯೇ. ಯಾರ ಮನಸ್ಸು ಆ ಗಳಿಗೆಯಲ್ಲಿ ಹಗುರವಾಗಿದೆಯೋ ಅವನು ಮೊದಲು ಬಂಡಿ ಇಳಿಸಲಿ, ಅವನು ಮೊದಲು ನಯವಾಗಿ ಮಾತನಾಡಲಿ. ಎದುರಿನವನು ಮೊದಲು ಮಾತನಾಡಲೆಂದು ಕಾಯಬೇಡಿರಿ. ಕಾಯುತ್ತ ನಿಂತರೆ ಎರಡು ಬಂಡಿಯೂ ಅಲ್ಲಿಯೇ ನಿಲ್ಲುತ್ತವೆ.

ಈ ಸಭೆ ಮುಗಿದ ಮೇಲೆ ನೀವೆಲ್ಲ ಹೆದ್ದಾರಿ ಹಿಡಿದೇ ಊರು ಸೇರಬೇಕು. ನಡುವೆ ಎಲ್ಲಿಯಾದರೂ ಒಂದು ಕೈ ಅಡ್ಡ ಬಂದರೆ ಕೋಪಿಸಿಕೊಳ್ಳಬೇಡಿರಿ. ಆ ಕೈ ಬಂಕಣ್ಣನವರದೆಂದು ತಿಳಿಯಿರಿ. ಕೈ ಅಡ್ಡ ಇಟ್ಟವರೂ ಬರುತ್ತಿರುವವನು ಚೌಡಯ್ಯನೆಂದು ತಿಳಿಯಲಿ. ಆಗ ದಂಡ ಬಿದ್ದರೂ ಮನಸ್ಸಿಗೆ ಗಾಯವಾಗುವುದಿಲ್ಲ.

ಬಸವಾದಿ ಶರಣರು ನಿಮ್ಮ ನಾಲಿಗೆಗೆ ನಯವನ್ನೂ, ಕಾಯಕಕ್ಕೆ ಶುದ್ಧಿಯನ್ನೂ, ಪ್ರಯಾಣಕ್ಕೆ ಕ್ಷೇಮವನ್ನೂ ಕರುಣಿಸಲೆಂದು ಹಾರೈಸುತ್ತೇವೆ.